9, 10ನೇ ತರಗತಿಯ ಗ್ರೇಡ್ ಕೆಟ್ಟಿದ್ದರೆ ಈಗ ಏನು ಮಾಡಬಹುದು

ಅಮೆರಿಕದಲ್ಲಿ ಓದುತ್ತಿದ್ದೀರಿ, ಮೊದಲ ಎರಡು ವರ್ಷ ಸೇರಿ ಜಿಪಿಎ (ಎಲ್ಲ ಗ್ರೇಡ್‌ಗಳ ಸರಾಸರಿ, ಎ ಅಂದರೆ 4) 2.4 ಇದೆ, ಈಗ 11ನೇ ತರಗತಿ, ಕಾಲೇಜಿಗೆ ಅರ್ಜಿ ಹಾಕಿ ಪ್ರಯೋಜನ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ.

ಮೊದಲು ಲೆಕ್ಕ ನೋಡಿ. ಈ ವರ್ಷ ಎಲ್ಲದರಲ್ಲೂ ಎ ತೆಗೆದರೂ ಒಟ್ಟು ಜಿಪಿಎ ಸುಮಾರು 2.9ಕ್ಕೆ ಬರುತ್ತದೆ, ಅಷ್ಟೇ. ಆದರೆ ಬಹಳಷ್ಟು ಕಾಲೇಜುಗಳಲ್ಲಿ ಅರ್ಜಿ ಓದುವವರು ಆ ಒಂದು ಸಂಖ್ಯೆಗೇ ನಿಲ್ಲುವುದಿಲ್ಲ, ಯಾವ ವರ್ಷ ಯಾವ ವಿಷಯದಲ್ಲಿ ಏನು ಬಂತು ಅಂತ ಪೂರ್ತಿ ಅಂಕಪಟ್ಟಿ ನೋಡುತ್ತಾರೆ, ಸಿ ಇದ್ದದ್ದು ಎ ಆಗಿದ್ದರೆ ಅದು ಎದ್ದು ಕಾಣುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಜಿಪಿಎ ಲೆಕ್ಕಕ್ಕೆ 9ನೇ ತರಗತಿಯ ಗ್ರೇಡ್ ಸೇರಿಸುವುದೇ ಇಲ್ಲ.

ಸುಲಭದ ವಿಷಯಗಳನ್ನೇ ಆರಿಸಿಕೊಂಡು ಜಿಪಿಎ ಏರಿಸಲು ಹೋಗಬೇಡಿ, ಅದು ಗೊತ್ತಾಗಿಬಿಡುತ್ತದೆ. ಗಣಿತ, ವಿಜ್ಞಾನ, ಇಂಗ್ಲಿಷ್ ಇವುಗಳಲ್ಲೇ ಸುಧಾರಿಸಿ. ಡಿ ಅಥವಾ ಎಫ್ ಬಂದಿದ್ದರೆ ಬೇಸಿಗೆ ತರಗತಿಯಲ್ಲಿ ಮತ್ತೆ ಬರೆಯಲು ಸಾಧ್ಯವಾ ಅಂತ ಕೌನ್ಸೆಲರ್ ಹತ್ತಿರ ಈ ವಾರವೇ ಕೇಳಿ. ಮನೆಯಲ್ಲಿ ಕಾಯಿಲೆ, ಊರು ಬದಲಾವಣೆ ಅಂತ ನಿಜವಾದ ಕಾರಣ ಇದ್ದರೆ ಅರ್ಜಿಯಲ್ಲಿ ಮೂರ್ನಾಲ್ಕು ಸಾಲು ಬರೆಯಿರಿ, ಇಲ್ಲದಿದ್ದರೆ ಸುಮ್ನೆ ನೆಪ ಹುಡುಕಬೇಡಿ.

ಇನ್ನೊಂದು ದಾರಿ ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಕೋರ್ಸ್‌ಗಳಿರುವ ಸ್ಥಳೀಯ ಕಾಲೇಜು. ಜನ ಇದನ್ನು ಕೀಳಾಗಿ ನೋಡುತ್ತಾರೆ, ನನಗೆ ಅದು ತುಂಬಾ ಬೇಸರ. ಅಲ್ಲಿ ಎರಡು ವರ್ಷ ಚೆನ್ನಾಗಿ ಓದಿ ದೊಡ್ಡ ಕಾಲೇಜಿಗೆ ವರ್ಗವಾದರೆ, ನೋಡುವುದು ಮುಖ್ಯವಾಗಿ ಆ ಗ್ರೇಡ್‌ಗಳನ್ನೇ, ಹೈಸ್ಕೂಲಿನದ್ದನ್ನಲ್ಲ. ನಿಮಗೆ ಯಾವ ವಿಷಯದಲ್ಲಿ ಜಾಸ್ತಿ ಕಷ್ಟ ಆಗುತ್ತಿದೆ ಅಂತ ಹೇಳಿ, ಅದರ ಬಗ್ಗೆಯೂ ಬರೆಯುತ್ತೇನೆ.