ಅಜ್ಜಿಗೂ ಟೀಚರಿಗೂ ಕರೆಯಲು ಬರುವ ಹೆಸರು

ಪ್ರಶ್ನೆ: ನಾವಿಬ್ಬರೂ ದಾವಣಗೆರೆ ಕಡೆಯವರು. ಕೆಲಸಕ್ಕೆಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದು ಇಲ್ಲೇ ಉಳಿದಿದ್ದೇವೆ. ಈಗ ಮಗಳು ಹುಟ್ಟಿದ್ದಾಳೆ. ಅವಳು ಬೆಳೆಯುವುದೂ ಇಲ್ಲೇ, ಹಾಗಾಗಿ ಇಲ್ಲಿಯದೇ ಒಂದು ಹಳೆಯ ಹೆಸರು ಇಡುವ ಆಸೆ. ಆದರೆ ಕ್ಲಾಸಿನಲ್ಲಿ ಇನ್ನೂ ಮೂವರಿಗೆ ಇರುವಂಥದ್ದು ಬೇಡ. ಫ್ರೇಯಾ, ಮಾಯಾ, ರೂನಾ, ಅಸ್ತಾ, ಇಲ್ವಾ, ಸೋಲ್ವೆಗ್ ಎಂದು ಪಟ್ಟಿ ಮಾಡಿದ್ದೇವೆ. ಊರಲ್ಲಿ ಅಜ್ಜಿಗೂ ಕರೆಯೋಕೆ ಬರಬೇಕು. ಯಾವುದು ಇಡೋಣ?
– ಹೆಸರು ಬೇಡ, ಗೋಥೆನ್‌ಬರ್ಗ್

ಉತ್ತರ: ಮಗಳಿಗೆ ಒಳ್ಳೆಯದಾಗಲಿ. ನಿಮ್ಮ ಪಟ್ಟಿಯನ್ನು ಒಮ್ಮೆ ದಾವಣಗೆರೆಯ ಮನೆ ಬಾಗಿಲಲ್ಲಿ ನಿಂತು ಜೋರಾಗಿ ಕೂಗಿದ ಹಾಗೆ ಓದಿ ನೋಡಿ. ಅರ್ಧ ಹೆಸರುಗಳು ಅಲ್ಲೇ ಬಿದ್ದುಹೋಗುತ್ತವೆ.

ಅಸ್ತಾ ಅಲ್ಲಿ ಮುದ್ದಾದ ಹೆಸರು. ನಮ್ಮ ಕಿವಿಗೆ ಅದು ಸೂರ್ಯ ಮುಳುಗಿದ ಹಾಗೆ, ಇನ್ನೂ ಬೇಡದ್ದೂ ನೆನಪಾಗುತ್ತದೆ. ಹುಟ್ಟಿದ ಮಗುವಿಗೆ ಅಜ್ಜಿ ಅದನ್ನು ಖಂಡಿತ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ರೂನಾ ಎನ್ನುವುದನ್ನು ನಮ್ಮವರು ಎಳೆಯದೆ ಕರೆದರೆ ಋಣ ಆಗುತ್ತದೆ. ಇಲ್ವಾ ಎಂದರೆ ಹೆಣ್ಣು ತೋಳ, ಗಟ್ಟಿ ಹೆಸರು, ನನಗೂ ಇಷ್ಟ. ಆದರೆ ಅದರ ಮೊದಲ ಸ್ವರವನ್ನು ತುಟಿ ದುಂಡಗೆ ಮಾಡಿ ಹೇಳಬೇಕು, ಕನ್ನಡದಲ್ಲಿ ಆ ಸ್ವರವೇ ಇಲ್ಲ. ಹಾಗಾಗಿ ಮನೆ ಮಂದಿಯೆಲ್ಲ ದಿನವಿಡೀ ಮಗುವನ್ನು 'ಇಲ್ವಾ, ಇಲ್ವಾ' ಎಂದು ಕರೆಯಬೇಕಾಗುತ್ತದೆ. ಸೋಲ್ವೆಗ್‌ನಲ್ಲಿ ಕೊನೆಯ ಗ ಉಚ್ಚರಿಸುವುದಿಲ್ಲ. ಬರೆದದ್ದನ್ನು ನೋಡಿ ಓದುವ ನಮ್ಮವರ ಬಾಯಲ್ಲಿ ಅದು ಸೋಲ್ವೆಗ್ ಎಂದೇ ಬರುತ್ತದೆ, ಮಗುವಿನ ಹೆಸರಲ್ಲಿ ಸೋಲು ಯಾಕೆ ಅಲ್ವಾ?

ಮಾಯಾ ಕೇಳಲು ನಮ್ಮದೇ ಹೆಸರು. ಆದರೆ ಸ್ವೀಡಿಷ್‌ನಲ್ಲಿ ಅದನ್ನು ಬರೆಯುವಾಗ ಕೊನೆಯ 'ಯಾ'ಗೆ ಜೆ ಅಕ್ಷರ ಹಾಕುತ್ತಾರೆ, ಅಲ್ಲಿ ಜೆ ಎಂದರೆ ಯ. ಬೆಂಗಳೂರಿನ ಯಾವ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೊಟ್ಟರೂ 'ಮಜಾ' ಎಂದು ಕೂಗುತ್ತಾರೆ. ಫ್ರೇಯಾಳದ್ದೂ ಅದೇ ಕಥೆ, ಅವಳು ಫ್ರೇಜಾ ಆಗುತ್ತಾಳೆ. ಅದೂ ಅಲ್ಲದೆ ಇವೆರಡೂ ಸ್ವೀಡನ್ನಿನಲ್ಲಿ ವರ್ಷಗಳಿಂದ ಜಾಸ್ತಿ ಇಡುತ್ತಿರುವ ಹೆಸರುಗಳು. ನೀವು ಬೇಡ ಅಂದದ್ದೇ ಅದು.

ನನ್ನನ್ನು ಕೇಳಿದರೆ, ಎಂಬ್ಲಾ ಇಡಿ. ಉತ್ತರ ಯುರೋಪಿನವರ ಹಳೆಯ ಪುರಾಣದಲ್ಲಿ ಓದಿನ್ ಮತ್ತು ಇನ್ನಿಬ್ಬರು ದೇವರು ಸಮುದ್ರದ ದಂಡೆಯಲ್ಲಿ ನಡೆಯುವಾಗ ಎರಡು ಮರ ಸಿಗುತ್ತವೆ. ಅವಕ್ಕೆ ಉಸಿರು, ಬುದ್ಧಿ, ಮೈಬಣ್ಣ ಕೊಟ್ಟು ಮೊದಲ ಗಂಡನ್ನೂ ಮೊದಲ ಹೆಣ್ಣನ್ನೂ ಮಾಡುತ್ತಾರೆ. ಗಂಡು ಆಸ್ಕ್, ಹೆಣ್ಣು ಎಂಬ್ಲಾ. ಎಷ್ಟು ಚಂದ ನೋಡಿ, ಬೈಬಲಿನ ಈವಳ ಹಾಗೆ ಗಂಡಿನ ಪಕ್ಕೆಲುಬಿನಿಂದ ಹುಟ್ಟಿದವಳಲ್ಲ ಅವಳು, ಅವನ ಹಾಗೆಯೇ ಮರದಿಂದ ಎದ್ದವಳು, ಇಬ್ಬರೂ ಒಂದೇ ಹೊತ್ತಿಗೆ. ಸ್ವೀಡಿಷ್‌ನಲ್ಲಿ ಬರೆದಾಗ ಈ ಹೆಸರಿನ ಅಕ್ಷರಗಳ ಮೇಲೆ ಚುಕ್ಕೆ ಇಲ್ಲ, ಸುನ್ನೆ ಇಲ್ಲ, ನುಂಗುವ ಅಕ್ಷರವೂ ಇಲ್ಲ. ಬರೆದ ಹಾಗೇ ಓದುವುದು. ಅಲ್ಲಿನ ಟೀಚರೂ ಸರಿಯಾಗಿ ಕರೆಯುತ್ತಾರೆ, ಅಜ್ಜಿಯೂ ಕರೆಯುತ್ತಾರೆ, ಎರಡು ದಿನದಲ್ಲಿ ಅದು 'ಎಂಬಿ' ಆಗಿಯೂ ಬಿಡುತ್ತದೆ.

ಅದು ಹಿಡಿಸದಿದ್ದರೆ ಡಗ್ನಿ ನೋಡಿ. ಹೊಸ ದಿನ ಎಂದು ಅರ್ಥ. ಇದು ಈಗ ಅಜ್ಜಿಯರ ಕಾಲದ ಹೆಸರು, ಎಳೆ ಮಕ್ಕಳಿಗೆ ಅಪರೂಪ. ಒಂದು ಮಾತು ಮಾತ್ರ ತಿಳಿದಿರಲಿ. ಸ್ವೀಡಿಷ್‌ನಲ್ಲಿ ಗ ಮತ್ತು ನ ಒಟ್ಟಿಗೆ ಬಂದರೆ ಗ ಮೂಗಿಗೆ ಹೋಗುತ್ತದೆ. ನಾವು ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಆಮೇಲೆ ಎಲ್ಲೂ ಬಳಸದ ಆ 'ಙ' ಇದೆಯಲ್ಲ, ಅದೇ. ಊರಲ್ಲಿ ಡಗ್ನಿ, ಅಲ್ಲಿ ಡಙ್ನಿ. ಇಷ್ಟು ವ್ಯತ್ಯಾಸ ಮಗುವಿಗೆ ಭಾರವಾಗುವುದಿಲ್ಲ.

ಇನ್ನು ಕಾಗದಪತ್ರದ ವಿಷಯ, ಇದನ್ನು ಮುಂದೂಡಬೇಡಿ. ಮಗು ಹುಟ್ಟಿದ 3 ತಿಂಗಳೊಳಗೆ ಅಲ್ಲಿನ ತೆರಿಗೆ ಇಲಾಖೆಗೆ, ಅಂದರೆ ಸ್ಕಾಟೆವೆರ್ಕೆಟ್‌ಗೆ, ಹೆಸರು ತಿಳಿಸಬೇಕು. 2017ರ ಜುಲೈನಿಂದ ಜಾರಿಗೆ ಬಂದ ಹೆಸರಿನ ಕಾನೂನು ಸಾಕಷ್ಟು ಉದಾರವಾಗಿದೆ, ಮಗುವಿಗೆ ಮುಜುಗರ ತರುವಂಥದ್ದು ಬಿಟ್ಟರೆ ಹೆಚ್ಚಿನವಕ್ಕೆ ಅಡ್ಡಿಯಿಲ್ಲ. ಅಲ್ಲಿ ಒಬ್ಬರಿಗೆ ಎರಡು ಮೂರು ಮೊದಲ ಹೆಸರು ಇರುವುದು ಮಾಮೂಲು, ಅದರಲ್ಲಿ ಒಂದನ್ನು ಕರೆಯುವ ಹೆಸರು ಎಂದು ಗುರುತಿಸಬಹುದು. ಈ ಅನುಕೂಲವನ್ನು ಬಿಡಬೇಡಿ. ಎಂಬ್ಲಾ ಗೌರಿ ಅಂತಲೋ ಗೌರಿ ಎಂಬ್ಲಾ ಅಂತಲೋ ಇಟ್ಟರೆ ಮುಂದೆ ಯಾವುದು ಬೇಕೋ ಅವಳೇ ಆರಿಸಿಕೊಳ್ಳುತ್ತಾಳೆ. ನೀವಿಬ್ಬರೂ ಭಾರತದ ಪ್ರಜೆಗಳೇ ಆಗಿದ್ದರೆ ಒಂದು ವರ್ಷದೊಳಗೆ ಸ್ಟಾಕ್‌ಹೋಮ್‌ನ ನಮ್ಮ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಬೇಕು. ಎರಡೂ ಕಡೆ ಒಂದೇ ಸ್ಪೆಲಿಂಗ್ ಇರಲಿ, ಒಂದಕ್ಷರ ಆಚೀಚೆ ಆದರೂ ಆಮೇಲೆ ಅಲೆದಾಟ. ಚುಕ್ಕೆ, ಸುನ್ನೆ ಇರುವ ಅಕ್ಷರ ಬೇಡ ಅಂದದ್ದೂ ಇದಕ್ಕೇ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಬರೀ 26 ಇಂಗ್ಲಿಷ್ ಅಕ್ಷರ. ಓಸಾ ಎನ್ನುವ ಹೆಸರನ್ನು ಸ್ವೀಡಿಷ್‌ನಲ್ಲಿ ಎ ಮೇಲೆ ಸುನ್ನೆ ಇಟ್ಟು ಬರೆಯುತ್ತಾರೆ, ಆ ಸಾಲಿನಲ್ಲಿ ಅದು ಎರಡು ಎ ಆಗುತ್ತದೆ, ಓದುವವರು ಆಸಾ ಎನ್ನುತ್ತಾರೆ.

ಸ್ವೀಡನ್ನಿನಷ್ಟು ಸಲೀಸು ಎಲ್ಲ ಕಡೆ ಇಲ್ಲ. ಡೆನ್ಮಾರ್ಕ್‌ನಲ್ಲಿ ಒಪ್ಪಿಗೆ ಪಡೆದ ಹೆಸರುಗಳ ಪಟ್ಟಿಯೇ ಇದೆ, ಅದರಾಚೆಯದು ಬೇಕಿದ್ದರೆ ಅರ್ಜಿ ಹಾಕಬೇಕು. ಐಸ್‌ಲ್ಯಾಂಡ್‌ನಲ್ಲಿ ಒಬ್ಬ ಹುಡುಗಿಗೆ ತಾಯಿ ಬ್ಲೈರ್ ಎಂದು ಹೆಸರಿಟ್ಟರು, ತಂಗಾಳಿ ಎಂದು ಅರ್ಥ. ಆ ಪದ ವ್ಯಾಕರಣದಲ್ಲಿ ಪುಲ್ಲಿಂಗ ಎಂದು ಹೆಸರಿನ ಸಮಿತಿ ಒಪ್ಪಲಿಲ್ಲ. ಸರ್ಕಾರಿ ಕಾಗದಗಳಲ್ಲೆಲ್ಲ ಅವಳು ಬರೀ 'ಹುಡುಗಿ' ಆಗಿಯೇ ಬೆಳೆದಳು. 2013ರಲ್ಲಿ ಕೋರ್ಟು ಅವಳ ಪರ ತೀರ್ಪು ಕೊಟ್ಟಾಗ ಅವಳಿಗೆ 15 ವರ್ಷ. ಆ ಹುಡುಗಿ ತನ್ನ ಹೆಸರಿಗಾಗಿ ನಿಂತ ರೀತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಮಗಳಿಗೆ ಸಿರಿ ಎಂದು ಇಡಬೇಕೆಂದಿದ್ದೇವೆ. ನಾರ್ವೆಯಲ್ಲಿರುವ ಅಣ್ಣ ಅದು ಅಲ್ಲಿಯ ಹೆಸರೂ ಹೌದು ಅಂತಾನೆ. ನಿಜವಾ? ಇಲ್ಲಿ ಎಲ್ಲರೂ ಫೋನಿನ ಹೆಸರು ಅಂತ ನಗುತ್ತಾರೆ.
– ಓದುಗರು, ಪುತ್ತೂರು

ಉತ್ತರ: ನಿಜ. ಸಿಗ್ರಿಡ್ ಎಂಬ ಹಳೆಯ ಹೆಸರಿನ ಮೊಟಕು ರೂಪ ಅದು, ಅದರಲ್ಲಿ ಗೆಲುವೂ ಇದೆ, ಚೆಲುವೂ ಇದೆ. ಐಫೋನಿನಲ್ಲಿ ಮಾತಿಗೆ ಓಗೊಡುವ ಸಹಾಯಕಿಗೆ ಆ ಹೆಸರು ಬಂದದ್ದೂ ನಾರ್ವೆಯ ಕಡೆಯಿಂದಲೇ, ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಡಾಗ್ ಕಿಟ್‌ಲಾಸ್ ನಾರ್ವೆ ಮೂಲದವರು. ಆ ಹೆಸರು ಐಫೋನಿಗೆ ಬಂದದ್ದು 2011ರಲ್ಲಿ. ನಿಮ್ಮ ತುಳುನಾಡಿನ ಸಿರಿ ಅದಕ್ಕಿಂತ ಎಷ್ಟು ಹಿಂದಿನವಳು! ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್‌ಲ್ಯಾಂಡಿನ ವಿದ್ವಾಂಸ ಲೌರಿ ಹೊಂಕೊ ಅವರ ತಂಡ ಧ್ವನಿಮುದ್ರಿಸಿಕೊಂಡಿತು. 15 ಸಾವಿರಕ್ಕೂ ಹೆಚ್ಚು ಸಾಲಿನ ಆ ಕಾವ್ಯ 1998ರಲ್ಲಿ ಅಚ್ಚಾಯಿತು. ಗಂಡನ ಮನೆಯ ಅನ್ಯಾಯವನ್ನು ಸಹಿಸದೆ ಹೊರಟು ಬಂದ ಹೆಣ್ಣಿನ ಹೆಸರು ಅದು. ನಗುವವರು ನಗಲಿ, ಧೈರ್ಯವಾಗಿ ಇಡಿ. ಮನೆಯಲ್ಲಿ ಐಫೋನ್ ಇದ್ದರೆ ಸೆಟಿಂಗ್ಸ್‌ನಲ್ಲಿ ಕರೆದರೆ ಏಳುವ ಆಯ್ಕೆಯನ್ನು ಈಗಲೇ ಬಂದ್ ಮಾಡಿ, ಇಲ್ಲದಿದ್ದರೆ ಮಗಳನ್ನು ಕರೆದಾಗೆಲ್ಲ ಫೋನೇ ಓಗೊಡುತ್ತದೆ.