ಆಟ ಮುಗೀತು, ಇನ್ನು ಸೀಟಿ ಹಿಡೀಲಾ?

ಪ್ರಶ್ನೆ: ಸರ್ ನಮಸ್ಕಾರ. ನಂದು ಶಿರಸಿ ಕಡೆ ಹಳ್ಳಿ, ವಯಸ್ಸು 31. ಬೆಂಗಳೂರಲ್ಲಿ ಒಂಬತ್ತು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದೆ, ಮೊದಲು ಕ್ಲಬ್ಬಿಗೆ, ಆಮೇಲೆ ಒಂದು ಟೀಮಿಗೆ ಗುತ್ತಿಗೆ ಮೇಲೆ. ಹೋದ ವರ್ಷ ಮೊಣಕಾಲಿನ ಎಸಿಎಲ್ ಅನ್ನೋ ಲಿಗಮೆಂಟ್ ಹರೀತು, ಆಪರೇಷನ್ ಆಯ್ತು, ಆಮೇಲೆ ಟೀಮಿಂದ ಒಂದು ಫೋನೂ ಬರ್ಲಿಲ್ಲ. ಈಗ ಮನೇಲಿ ಅಡಿಕೆ ತೋಟ ನೋಡ್ಕೊಂಡಿದ್ದೇನೆ. ಇಲ್ಲೇ ಮಕ್ಕಳಿಗೆ ಕೋಚಿಂಗ್ ಶುರು ಮಾಡೋ ಆಸೆ. ಇಷ್ಟು ವರ್ಷ ಆಡಿದ್ದೇ ಸಾಕಲ್ವಾ, ಮತ್ತೆ ಕೋರ್ಸ್ ಗೀರ್ಸ್ ಎಲ್ಲ ಎಂತಕ್ಕೆ?

ಉತ್ತರ: ತಮಾ, ಸಾಕಾಗೋದಿಲ್ಲ. ಬೇಜಾರಾಗ್ಬೇಡ, ನಾನೂ ನಿನ್ನ ಹಾಗೇ ಅಂದ್ಕೊಂಡು ಎರಡು ವರ್ಷ ಹಾಳು ಮಾಡ್ಕೊಂಡವನೇ.

ಮ್ಯಾಜಿಕ್ ಜಾನ್ಸನ್ ಗೊತ್ತಲ್ಲ, ಲೇಕರ್ಸ್ ಟೀಮಿಗೆ ಆಡಿ 5 ಸಲ ಎನ್‌ಬಿಎ, ಅಂದ್ರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್, ಗೆದ್ದವ, ಪಾಸ್ ಕೊಡೋದ್ರಲ್ಲಿ ಅವನ ಸಮ ಯಾರಿದ್ದಾರೆ ಹೇಳು. 1994ರಲ್ಲಿ ಅದೇ ಲೇಕರ್ಸ್‌ಗೆ ಸೀಸನ್ ಕೊನೇಲಿ ಕೋಚ್ ಆಗಿ ಬಂದ. 16 ಮ್ಯಾಚ್, ಗೆದ್ದಿದ್ದು 5, ಸೋತಿದ್ದು 11. ಅಲ್ಲಿಗೆ ಕೈ ಮುಗಿದು ಎದ್ದ.

ಈಗ ಸ್ಟೀವ್ ಕೆರ್ ಕತೆ ನೋಡು, ನಿಂಗೆ ಇದೇ ಹತ್ರ ಆಗ್ತದೆ. 1986ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವಂದೂ ಮೊಣಕಾಲೇ ಹೋಗಿ ಕಾಲೇಜಿನ ಒಂದು ಸೀಸನ್ ಪೂರ್ತಿ ಆಡ್ಲಿಲ್ಲ, 1988ರ ಡ್ರಾಫ್ಟಲ್ಲಿ, ಅಂದ್ರೆ ಎನ್‌ಬಿಎ ಟೀಮುಗಳು ಹೊಸ ಹುಡುಗರನ್ನ ಸರದಿಯಂತೆ ಆರಿಸ್ಕೊಳ್ಳೋವಾಗ, 50ನೇ ನಂಬರಿಗೆ ಆಯ್ಕೆಯಾದ, ಎನ್‌ಬಿಎದಲ್ಲಿ 15 ಸೀಸನ್ ಆಡಿದ್ರೂ ಹೆಚ್ಚಿನ ಮ್ಯಾಚಲ್ಲಿ ಬೆಂಚಿಂದ ಎದ್ದು ಬರೋ ಪ್ಲೇಯರೇ. ಹಾಗಂತ ಕಡಿಮೆ ಅಲ್ಲ ಮಾರಾಯ, ಜೊತೆ ಆಟಗಾರ ಮೈಕಲ್ ಜೋರ್ಡನ್ ಪಾಸ್ ಹಿಡಿದು 1997ರ ಫೈನಲ್‌ನ ಆರನೇ ಮ್ಯಾಚಿನ ಗೆಲುವಿನ ಶಾಟ್ ಹೊಡೆದವ ಅವನೇ, ದೂರದಿಂದ ಹೊಡೆಯೋ ತ್ರೀ ಪಾಯಿಂಟ್ ಶಾಟಲ್ಲಿ ನೂರಕ್ಕೆ 45.4 ಒಳಗೆ ಬಿದ್ದಿತ್ತು. ಆಟ ಬಿಟ್ಟಿದ್ದು 2003ರಲ್ಲಿ, ಆಟಗಾರನಾಗಿ 5 ಸಲ ಚಾಂಪಿಯನ್. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕೋಚ್ ಆಗಿದ್ದು? 2014ರಲ್ಲಿ. ನಡುವಿನ 11 ವರ್ಷದಲ್ಲಿ ಟಿವಿ ಕಾಮೆಂಟ್ರಿ ಮಾಡಿದ, ಫೀನಿಕ್ಸ್‌ನಲ್ಲಿ ಮೂರು ವರ್ಷ ಮ್ಯಾನೇಜರ್ ಕುರ್ಚಿಯಲ್ಲಿ ಕೂತ, ಅಂದ್ರೆ ಬೇರೆಯವರು ಟೀಮ್ ಹೇಗೆ ನಡೆಸ್ತಾರೆ ಅಂತ ನೋಡ್ತಾನೇ ಇದ್ದ. ಕೋಚ್ ಆದ ಮೊದಲ ಸೀಸನ್ನಲ್ಲೇ, 2015ರಲ್ಲಿ, ಕಪ್. ಆಮೇಲೆ 2017, 2018, 2022.

ಫಿಲ್ ಜಾಕ್ಸನ್ ಕೋಚ್ ಆಗಿ 11 ಸಲ ಗೆದ್ದವ, ಅವನೂ ಹೆಡ್ ಕೋಚ್ ಆಗಿ ಶುರು ಮಾಡಿದ್ದು ಆಲ್ಬನಿ ಅನ್ನೋ ಊರಿನ ಸಣ್ಣ ಲೀಗಿನ ಟೀಮಿಂದ. ಮಿಯಾಮಿ ಟೀಮಿನ ಎರಿಕ್ ಸ್ಪೋಲ್‌ಸ್ಟ್ರಾ ಅಂತೂ ಎನ್‌ಬಿಎ ಆಡ್ಲೇ ಇಲ್ಲ, 1995ರಲ್ಲಿ ಮ್ಯಾಚ್ ವಿಡಿಯೋ ಕತ್ತರಿಸಿ ಜೋಡಿಸೋ ಕೆಲಸಕ್ಕೆ ಸೇರಿದ್ದು, 2008ರಲ್ಲಿ ಹೆಡ್ ಕೋಚ್, 2012 ಮತ್ತು 2013ರಲ್ಲಿ ಚಾಂಪಿಯನ್. ನಮ್ಮ ಯಕ್ಷಗಾನದಲ್ಲಿ ಭಾಗವತರು ಕುಣೀತಾರಾ, ಆದ್ರೆ ಕುಣಿಸೋರು ಅವರೇ ಅಲ್ವಾ.

ನಂದು ಎಂತ ಆಯ್ತು ಅಂದ್ರೆ, ಕಾರವಾರದಲ್ಲಿ ಮಕ್ಕಳಿಗೆ ಹೇಳ್ಕೊಡೋಕೆ ಶುರು ಮಾಡಿದಾಗ ಎಲ್ಲ ನಾನೇ ಆಡಿ ತೋರಿಸ್ತಿದ್ದೆ, ಲೇಅಪ್, ಹುಕ್ ಶಾಟ್, ಬೆನ್ನ ಹಿಂದೆ ಪಾಸು, ಮಕ್ಕಳು ಚಪ್ಪಾಳೆ ಹೊಡೀತಿದ್ರು ಅಷ್ಟೇ, ಕಲಿತದ್ದು ಸೊನ್ನೆ. ಒಂದಿನ ಮೊಣಕಾಲು ಊದ್ಕೊಂಡು ಕುರ್ಚಿ ಹಾಕ್ಕೊಂಡು ಕೂತೆ. ಆವತ್ತು ಕಂಡದ್ದು, ಒಬ್ಬ ಹುಡುಗ ಬಾಲ್ ಹಿಡಿದ ಕೂಡ್ಲೇ ಪ್ರತಿ ಸಲ ಪಿವಟ್ ಕಾಲು, ಅಂದ್ರೆ ನೆಲಕ್ಕೆ ಊರಿರಬೇಕಾದ ಕಾಲು, ಎತ್ತುತಾ ಇದ್ದ, ಆರು ತಿಂಗಳಿಂದ! ಅದು ಟ್ರಾವೆಲಿಂಗ್ ಅನ್ನೋ ತಪ್ಪು ಅಂತ ರೆಫರಿ ಸೀಟಿ ಹೊಡೆದಾಗೆಲ್ಲ ನಾನು ರೆಫರಿಗೇ ಬೈತಿದ್ದೆ.

ಹಾಗಾಗಿ ಕೋರ್ಸ್ ಮಾಡು. ಪಾಟಿಯಾಲಾದಲ್ಲಿ 1961ರಿಂದ ಇರೋ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಎನ್‌ಐಎಸ್‌ನಲ್ಲಿ ಕೋಚಿಂಗ್ ಡಿಪ್ಲೊಮಾ ಇದೆ, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಅರ್ಹತೆ, ಫೀಸು ಎಲ್ಲ ಆ ವರ್ಷದ ಪ್ರಕಟಣೆ ನೋಡಿ ಅರ್ಜಿ ಹಾಕು, ನಿನ್ನ ಟೂರ್ನಮೆಂಟ್ ಸರ್ಟಿಫಿಕೇಟುಗಳನ್ನ ಈಗ್ಲೇ ಹುಡುಕಿ ಇಟ್ಕೋ, ಶಿರಸಿ ಮಳೆಗೆ ಟ್ರಂಕಲ್ಲೇ ಬೂಷ್ಟು ಹಿಡೀತದೆ.

ಇನ್ನೊಂದು, ಸಣ್ಣ ಮಕ್ಕಳನ್ನ 3.05 ಮೀಟರ್ ರಿಂಗಿಗೆ ಎಸೀಲಿಕ್ಕೆ ಬಿಡಬೇಡ. 12ರ ಒಳಗಿನವರಿಗೆ ಮಿನಿ ಬ್ಯಾಸ್ಕೆಟ್‌ಬಾಲ್ ಅಂತಲೇ ಇದೆ, ರಿಂಗ್ 2.60 ಮೀಟರ್, ಬಾಲ್ 5ನೇ ಸೈಜು. ಎತ್ತರದ ರಿಂಗಿಗೆ 7ನೇ ಸೈಜಿನ ಬಾಲ್ ಎತ್ತಿಹಾಕೋಕೆ ಹೋಗಿ ಸೊಂಟದಿಂದ ಎಸೆಯೋ ಚಾಳಿ ಬಿದ್ರೆ ಆಮೇಲೆ ದೇವರು ಬಂದ್ರೂ ಬಿಡಿಸೋಕಾಗೋದಿಲ್ಲ. ಜೂನ್‌ನಿಂದ ನಿಮ್ಮಲ್ಲಿ ಕೋರ್ಟ್ ಮೇಲೆ ಪಾಚಿ, ಆಗ ಯಾವುದಾದ್ರೂ ಶಾಲೆ ಹಾಲ್ ಕೇಳಿ ಪಿವಟ್ಟು, ಸ್ಟಾಪು, ಡಿಫೆನ್ಸ್ ಸ್ಲೈಡು ಅಷ್ಟನ್ನೇ ಮಾಡಿಸು. ಪೀಟಿ ಮಾಸ್ತರ ಹತ್ರ ಜಗಳ ಮಾಡ್ಕೋಬೇಡ, ಹಾಲ್ ಬೀಗ ಅವರ ಹತ್ರಾನೇ ಇರೋದು.

ದುಡ್ಡಿನ ಮಾತು: ಇದ್ರಿಂದ್ಲೇ ಮನೆ ನಡೀತದೆ ಅಂತ ತೋಟ ಬಿಡಬೇಡ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸೋ ಹೊತ್ತಿಗೇ ಶಾಲೆಗಳ ಟೂರ್ನಮೆಂಟೂ ಬರ್ತದೆ, ಅದೊಂದನ್ನ ಅಪ್ಪನ ಹತ್ರ ಮೊದಲೇ ಮಾತಾಡ್ಕೋ.

ಪ್ರಶ್ನೆ: ಎಂಟನೇ ಕ್ಲಾಸಿನ ಮಗಳನ್ನ ಗಿಡ್ಡ ಅಂತ ಶಾಲೆ ಟೀಮಿಗೆ ತಗೊಳ್ಲಿಲ್ಲ. ಬೇರೆ ಆಟ ಹಾಕ್ಲಾ ಸರ್? (ಕುಮಟಾದಿಂದ ಒಬ್ಬ ತಾಯಿ)

ಉತ್ತರ: ಬೇಡ ಅಕ್ಕಾ. ಮಗ್ಸಿ ಬೋಗ್ಸ್ ಅಂತ ಒಬ್ಬ, 5 ಅಡಿ 3 ಇಂಚು, ಎನ್‌ಬಿಎದಲ್ಲಿ 14 ಸೀಸನ್ ಆಡಿದ, ಆಮೇಲೆ ಷಾರ್ಲಟ್‌ನ ಹೆಂಗಸರ ಟೀಮಿಗೆ ಕೋಚೂ ಆದ. ಮಗಳಿಗೆ ದಿನಾ ಅಂಗಳದಲ್ಲಿ ಎಡಗೈಲಿ ಡ್ರಿಬಲ್ ಮಾಡೋಕೆ ಹೇಳಿ, ಬಾಲ್ ನೋಡ್ದೆ. ಅಂಗಳಕ್ಕೆ ಅಡಿಕೆ ಹರವಿದ್ರೆ ಆವತ್ತು ರಜೆ.

ಪ್ರಶ್ನೆ: ಎನ್‌ಬಿಎ ಕೋಚುಗಳು ಮೊದಲು ಸೂಟು ಬೂಟಲ್ಲಿ ಇರ್ತಿದ್ರು, ಈಗ ಟೀ ಶರ್ಟ್ ಯಾಕೆ? (ಕಾರವಾರ)

ಉತ್ತರ: 2020ರಲ್ಲಿ ಕೊರೋನಾ ಹೊತ್ತಿಗೆ 22 ಟೀಮನ್ನ ಒಂದೇ ಕಡೆ ಇಟ್ಟು ಆಡಿಸಿದಾಗ ಸೂಟು ಬೇಡ ಅಂದ್ರು, ಆಮೇಲೆ ಹಾಕೋ ಮನಸ್ಸು ಹೆಚ್ಚಿನವರಿಗೆ ಬರ್ಲಿಲ್ಲ. ಕಾರವಾರದ ಮೇ ತಿಂಗಳ ಸೆಕೆ ಕಂಡಿದ್ರೆ ಅದಕ್ಕೂ ಮುಂಚೇನೇ ಬಿಡ್ತಿದ್ರೇನೋ.