ಆಕ್ಟ್4 ಹೆಚ್ಚಿಸಿದರೆ ಭ್ರೂಣದ ಕಾಂಡಕೋಶ ಇನ್ನಷ್ಟು ಗಟ್ಟಿಯಾಗುತ್ತದೆಯೇ?

ಹಾಸನದಲ್ಲಿ ಎಂ.ಎಸ್ಸಿ. ಓದುತ್ತಿರುವ ನೀವು ಕೇಳಿರುವುದು ಎರಡು. ಆಕ್ಟ್4 ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ (ಬೇರೆ ಜೀನುಗಳನ್ನು ಶುರುಮಾಡುವ, ನಿಲ್ಲಿಸುವ ಪ್ರೋಟೀನು) ಹೆಚ್ಚಿಸಿದರೆ, ದೇಹದ ಯಾವ ಬಗೆಯ ಕೋಶವೂ ಆಗಬಲ್ಲ ಭ್ರೂಣದ ಕಾಂಡಕೋಶ ಹಾಗೇ ಭದ್ರವಾಗಿ ಉಳಿಯಬೇಕಲ್ಲವೇ? ಮಾನವ ಚರ್ಮದ ಕೋಶದಲ್ಲೂ ಅದರ ಪಿಸಿಆರ್ ಬ್ಯಾಂಡ್ ಬಂದದ್ದೇಕೆ?

ಮೊದಲನೆಯದಕ್ಕೆ ಉತ್ತರ: ಇಲ್ಲ. ಒತ್ತಿದರೆ ಶುರು, ಬಿಟ್ಟರೆ ಬಂದ್ ಅನ್ನಲು ಆಕ್ಟ್4 ಪಂಪ್‌ಸೆಟ್ಟಿನ ಸ್ಟಾರ್ಟರ್ ಅಲ್ಲ. ಎಷ್ಟಿದೆ ಎನ್ನುವುದೇ ಮುಖ್ಯ. ನಿವಾ, ಮಿಯಾಝಾಕಿ, ಸ್ಮಿತ್ ಎಂಬ ವಿಜ್ಞಾನಿಗಳು 2000ದಲ್ಲಿ ಇಲಿಯ ಕೋಶಗಳಲ್ಲಿ ಇದನ್ನು ತೋರಿಸಿದರು. ಮಟ್ಟ ಸಹಜದ ಅರ್ಧಕ್ಕಿಂತ ಕೆಳಗಿಳಿದರೆ ಕೋಶ ಟ್ರೋಫೊಬ್ಲಾಸ್ಟ್ ಆಗುತ್ತದೆ, ಅಂದರೆ ಮಾಸು ಕಟ್ಟುವ ಕಡೆ ಹೊರಳುತ್ತದೆ. ಎರಡು ಪಟ್ಟು ಮುಟ್ಟುವ ಮೊದಲೇ, ಏರಿಕೆಯೊಂದರಿಂದಲೇ ಆದಿ ಎಂಡೋಡರ್ಮ್, ಮೀಸೋಡರ್ಮ್ ಎಂಬ ಭ್ರೂಣದ ಪದರಗಳ ಕಡೆ ಹೋಗುತ್ತದೆ. ಇಳಿದಾಗ ಆಗುವುದಕ್ಕೆ ಕಾರಣ ಸ್ಪಷ್ಟ: ಆಕ್ಟ್4 ಮತ್ತು ಕೋಶವನ್ನು ಟ್ರೋಫೊಬ್ಲಾಸ್ಟ್ ಕಡೆ ಒಯ್ಯುವ ಸಿಡಿಎಕ್ಸ್2 ಪ್ರೋಟೀನು ಒಂದನ್ನೊಂದು ಅದುಮುತ್ತವೆ. ಏರಿದಾಗ ಜೊತೆಗಾರ ಪ್ರೋಟೀನುಗಳು ಹಂಚಿಹೋಗುತ್ತವೆ ಎಂಬ ವಿವರಣೆಯಿದೆ. ಪರೀಕ್ಷೆಯಲ್ಲಿ ಅದನ್ನು ತೀರ್ಮಾನವಾದದ್ದೆಂದು ಬರೆಯಬೇಡಿ. 2013ರಲ್ಲಿ ಕಂಡದ್ದಂತೂ ನಿಮ್ಮ ಊಹೆಗೆ ಪೂರ್ತಿ ತಿರುಗುಮುರುಗು: ಜೀನಿನ ಒಂದೇ ಪ್ರತಿ ಉಳಿದ, ಆಕ್ಟ್4 ಕೊಂಚ ಕಡಿಮೆ ಇರುವ ಇಲಿ ಕೋಶಗಳೇ ಕಾಂಡಕೋಶದ ಸ್ಥಿತಿಯನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆಕ್ಟ್4ರ ಜೊತೆಗಾರ ಪ್ರೋಟೀನಾದ ಸಾಕ್ಸ್2 ತೆಗೆದ ಕೋಶಗಳನ್ನೂ ಹೊರಗಿನಿಂದ ಆಕ್ಟ್4 ಕೊಟ್ಟು ಉಳಿಸಬಹುದೆಂದು 2007ರಲ್ಲಿ ಗೊತ್ತಾಯಿತು. ಅಂದರೆ ಸಾಕ್ಸ್2ರ ದೊಡ್ಡ ಕೆಲಸವೇ ಆಕ್ಟ್4ರ ಮಟ್ಟ ಕಾಯುವುದು.

ಇದನ್ನು ಕಣ್ಣಾರೆ ನೋಡಲು ಝಡ್‌ಎಚ್‌ಬಿಟಿಸಿ4 ಎಂಬ ಇಲಿ ಕೋಶಗಳಿವೆ. ಸ್ವಂತದ ಎರಡೂ ಪ್ರತಿ ತೆಗೆದು, ಟೆಟ್ರಾಸೈಕ್ಲಿನ್ ಹಾಕಿದರೆ ನಿಲ್ಲುವ ಆಕ್ಟ್4 ಜೀನ್ ಸೇರಿಸಿದ್ದಾರೆ. 0.1% ಜೆಲಾಟಿನ್ ಬಳಿದ ತಟ್ಟೆ, ಮಿಲೀಗೆ 1000 ಯೂನಿಟ್ ಎಲ್‌ಐಎಫ್ (ಇಲಿ ಕಾಂಡಕೋಶವನ್ನು ಅದೇ ಸ್ಥಿತಿಯಲ್ಲಿಡುವ ಪ್ರೋಟೀನು). ಮಿಲೀಗೆ 1 ಮೈಕ್ರೋಗ್ರಾಂ ಟೆಟ್ರಾಸೈಕ್ಲಿನ್ ಹಾಕಿದರೆ ದಿನದೊಳಗೆ ಆಕ್ಟ್4 ಮಾಯ, ಮುಂದಿನ ದಿನಗಳಲ್ಲಿ ಕೋಶಗಳು ಚಪ್ಪಟೆಯಾಗಿ ಹರಡುತ್ತವೆ. ಎಡವುವುದು ಕೋಶ ಬೆಳೆಸುವ ದ್ರವಕ್ಕೆ ಬೆರೆಸುವ ಸೀರಂನಲ್ಲಿ. ದನಗಳಿಗೆ ಟೆಟ್ರಾಸೈಕ್ಲಿನ್ ಜಾತಿಯ ಔಷಧಿ ಕೊಡುವುದು ನಮ್ಮ ಹಾಸನದ ಕಡೆಯ ಕೊಟ್ಟಿಗೆಗಳಿಗೂ ಹೊಸದಲ್ಲ. ಅದರ ಶೇಷ ಕರುವಿನ ಸೀರಂನಲ್ಲಿದ್ದರೆ ನೀವೇನೂ ಹಾಕದೆಯೇ ಜೀನ್ ಅರೆಬರೆ ನಿಲ್ಲುತ್ತದೆ. ಟೆಟ್ರಾಸೈಕ್ಲಿನ್ ಇಲ್ಲವೆಂದು ಪರೀಕ್ಷಿಸಿದ ಸೀರಂ ಕೇಳಿ ಕೊಳ್ಳಿ. ಹಳೆಯ ಎಲ್‌ಐಎಫ್ ಸತ್ವ ಕಳೆದುಕೊಂಡಾಗಲೂ ಕೋಶ ಚಪ್ಪಟೆಯಾಗುತ್ತದೆ, ಆಗ ಆಕ್ಟ್4 ಮೇಲೆ ಗೂಬೆ ಕೂರಿಸಬೇಡಿ.

ಚರ್ಮದ ಕೋಶದ ಬ್ಯಾಂಡ್ ಬಹುಪಾಲು ಸುಳ್ಳು. ಮಾನವ ಜೀನೋಮಿನಲ್ಲಿ ಆಕ್ಟ್4ಕ್ಕೆ ಹಲವು ಹುಸಿ ಜೀನುಗಳಿವೆ, ಅಂದರೆ ಅದನ್ನೇ ಹೋಲುವ ನಕಲುಗಳು. ಅವುಗಳಲ್ಲಿ ಇಂಟ್ರಾನ್ ಇಲ್ಲ, ಅಂದರೆ ಆರ್‌ಎನ್‌ಎ ಆಗುವಾಗ ಕತ್ತರಿಸಿಹೋಗುವ ನಡುವಿನ ತುಂಡುಗಳಿಲ್ಲ. ಹಾಗಾಗಿ ಆರ್‌ಎನ್‌ಎ ಜೊತೆ ಚೂರು ಡಿಎನ್‌ಎ ಉಳಿದರೂ ಅದೇ ಅಳತೆಯ ಬ್ಯಾಂಡ್ ಬರುತ್ತದೆ. ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಹಾಕಿ, ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಕೊಳವೆಯೊಂದನ್ನು ತಪ್ಪದೆ ಇಡಿ. ಅದರಲ್ಲೂ ಬ್ಯಾಂಡ್ ಬಂದರೆ ಅದು ಡಿಎನ್‌ಎ. ಅದರಲ್ಲಿ ಬಾರದೆ ನಿಮ್ಮ ಮಾದರಿಯಲ್ಲಷ್ಟೇ ಬಂದರೂ ನಂಬುವ ಮೊದಲು ಸೀಕ್ವೆನ್ಸ್ ಮಾಡಿಸಿ: ಕೆಲವು ಹುಸಿ ಜೀನುಗಳಿಂದಲೂ ಆರ್‌ಎನ್‌ಎ ಆಗುತ್ತದೆ. ಆಕ್ಟ್4 ಜೀನಿನಿಂದ ಬೇರೆ ಬೇರೆ ರೂಪಗಳಾಗುತ್ತವೆ; ಕಾಂಡಕೋಶದ ಕೆಲಸ ಮಾಡುವುದು 4ಎ ರೂಪ, 4ಬಿ ಅಲ್ಲ. ಪಿಸಿಆರ್ ಶುರುಮಾಡುವ ಚಿಕ್ಕ ಡಿಎನ್‌ಎ ತುಣುಕಾದ ಪ್ರೈಮರ್ 4ಎಯ ಮೊದಲ ಎಕ್ಸಾನಿನಲ್ಲಿರಲಿ (ಆರ್‌ಎನ್‌ಎಯಲ್ಲಿ ಉಳಿಯುವ ತುಂಡು), ಅದರ 3ʹ ತುದಿ ಹುಸಿ ಜೀನಿಗೆ ಹೊಂದದಿರಲಿ. ಆ್ಯಂಟಿಬಾಡಿ ಬಳಸುವುದಾದರೆ 4ಎ ಪ್ರೋಟೀನಿನ ಎನ್-ತುದಿಯನ್ನು (ಆರಂಭದ ತುದಿ) ಹಿಡಿಯುವುದು ಬೇಕು. ಬಣ್ಣ ನ್ಯೂಕ್ಲಿಯಸ್ಸಿನಲ್ಲೇ ಕಾಣಬೇಕು, ಸೈಟೋಪ್ಲಾಸಂನಲ್ಲಿ ಕಂಡದ್ದಕ್ಕೆ ಬೆಲೆಯಿಲ್ಲ.

ಪಾಸಿಟಿವ್ ಕಂಟ್ರೋಲಿಗೆ, ಅಂದರೆ ಆಕ್ಟ್4 ಖಂಡಿತ ಇರುವ ಮಾದರಿಗೆ, ಎನ್‌ಟೆರಾ–2 ಎಂಬ ಮಾನವ ಗಡ್ಡೆಯ ಕೋಶ ಸಾಕು, ಎಲ್‌ಐಎಫ್ ಬೇಡ. ನಾನಾದರೆ ಬೆಂಗಳೂರಿನ ಯಾವುದಾದರೂ ಪ್ರಯೋಗಾಲಯದಿಂದ ಅದರ ಸಿಡಿಎನ್‌ಎ (ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ) ತರಿಸುತ್ತೇನೆ. ಐಸ್ ಡಬ್ಬಿಯಲ್ಲಿಟ್ಟರೆ ಹಾಸನದ ಬಸ್ಸು ತಲುಪುವಷ್ಟರಲ್ಲಿ ಅದು ಕೆಡುವುದಿಲ್ಲ. ಆರ್‌ಎನ್‌ಎ ಮಟ್ಟಿಗೆ ಆ ಧೈರ್ಯ ಬೇಡ.